ಪುಸ್ತಿಕೆ ಅಚ್ಚು ಹಾಕಿಸುವ ಮುನ್ನ: ಪುಟದ ಅಳತೆಗೆ 14 ಸೂತ್ರಗಳು

ಹೊರನಾಡಿಗೆ ಬಂದವರ ಕೈಗೊಂದು ಸ್ತೋತ್ರದ ಪುಸ್ತಿಕೆ, ಮೂಡಿಗೆರೆಯ ಸಾಹಿತ್ಯ ಸಮ್ಮೇಳನಕ್ಕೊಂದು ಕವನ ಸಂಕಲನ, ಚಿಕ್ಕಮಗಳೂರಿನ ಹೋಂಸ್ಟೇ ಮೇಜಿಗೊಂದು ಅತಿಥಿ ಕೈಪಿಡಿ, ಕಳಸದ ತೋಟದ ರೈಟರಿಗೊಂದು ಆಳುಗಳ ಹಾಜರಿಯ ಚೆಕ್‌ರೋಲ್. ಕಾಫಿ ಸೀಮೆಯಲ್ಲಿ ಸಣ್ಣ ಪುಸ್ತಿಕೆಗಳಿಗೆ ಬರವಿಲ್ಲ. ಮಾಡಿಸುವವರು ಬರಹಕ್ಕೆ ತಿಂಗಳುಗಟ್ಟಲೆ ಕೂರುತ್ತಾರೆ, ಮುಖಪುಟದ ಬಣ್ಣಕ್ಕೆ ವಾರವಿಡೀ ಜಗ್ಗಾಡುತ್ತಾರೆ. ಅಳತೆಯ ಮಾತು ಮಾತ್ರ ಪ್ರೆಸ್ಸಿನ ಬಾಗಿಲಲ್ಲಿ ಅರ್ಧ ನಿಮಿಷಕ್ಕೆ ಮುಗಿಯುತ್ತದೆ: "ಮಾಮೂಲಿ ಸೈಜಿನಲ್ಲೇ ಮಾಡಿಬಿಡಿ."

ಖರ್ಚು, ಓದಿನ ಸುಖ, ಬಾಳಿಕೆ ಮೂರೂ ತೀರ್ಮಾನವಾಗುವುದು ಆ ಅರ್ಧ ನಿಮಿಷದಲ್ಲೇ. ಅಳತೆ ಮೊದಲು, ಟೈಪಿಂಗ್ ಆಮೇಲೆ. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತಿನ ವಿವರ.

1. ಓದುವ ಜಾಗ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ

ಪುಸ್ತಿಕೆ ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದು ಮೊದಲ ಪ್ರಶ್ನೆ. ಮುಳ್ಳಯ್ಯನಗಿರಿ ಹತ್ತುವವರು ಒಂದು ಕೈಯಲ್ಲಿ ಕೋಲು ಹಿಡಿದಿರುತ್ತಾರೆ, ಅವರಿಗೆ ಜರ್ಕಿನ್ ಜೇಬಿಗೆ ಇಳಿಯುವ ಎ6 (105×148 ಮಿ.ಮೀ.) ಬೇಕು. ಹೋಂಸ್ಟೇ ಕೈಪಿಡಿ ಮೇಜು ಬಿಟ್ಟು ಏಳುವುದಿಲ್ಲ, ಅದು ಎ5 (148×210 ಮಿ.ಮೀ.) ಆಗಲಿ. ದೇವಸ್ಥಾನದ ಸ್ತೋತ್ರಪುಸ್ತಿಕೆಯನ್ನು ನಿಂತುಕೊಂಡು, ಮಂದ ಬೆಳಕಿನಲ್ಲಿ, ವಯಸ್ಸಾದವರು ಓದುತ್ತಾರೆ. ಅಲ್ಲಿ ಪುಟಕ್ಕಿಂತ ಮೊದಲು ಅಕ್ಷರ ದೊಡ್ಡದಿರಬೇಕು. ಓದುಗ ಯಾರು, ಎಲ್ಲಿ, ಯಾವ ಭಂಗಿಯಲ್ಲಿ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಗೊಂದಲಕ್ಕೂ ಆ ಸಾಲು ಉತ್ತರ ಕೊಡುತ್ತದೆ.

2. ಪುಟಕ್ಕಿಂತ ಮೊದಲು ಹಾಳೆಯನ್ನು ತಿಳಿಯಿರಿ

ಪುಟ ಹುಟ್ಟುವುದು ಪ್ರೆಸ್ಸಿನವರು ತರಿಸುವ ದೊಡ್ಡ ಹಾಳೆಯಲ್ಲಿ. ನಮ್ಮಲ್ಲಿ ಪುಸ್ತಕಕ್ಕೆ ಹೆಚ್ಚು ಬಳಕೆಯಲ್ಲಿರುವುದು ಎರಡು: 23×36 ಇಂಚಿನ ಡಬಲ್ ಡೆಮಿ ಮತ್ತು 20×30 ಇಂಚಿನ ಡಬಲ್ ಕ್ರೌನ್. ಇವುಗಳಿಂದ ಬರುವ ಅಳತೆಗಳು, ಕಟಿಂಗ್ ಆದ ಮೇಲೆ, ಹೀಗಿರುತ್ತವೆ (1/8 ಎಂದರೆ ಡಬಲ್ ಹಾಳೆಯ ಅರ್ಧದಲ್ಲಿ ಎಂಟನೇ ಒಂದು ಪಾಲು):

- ಡೆಮಿ 1/8: ಸುಮಾರು 5.5×8.5 ಇಂಚು. 23×36ರ ಒಂದು ಹಾಳೆಗೆ 32 ಪುಟ.
- ಕ್ರೌನ್ 1/8: ಸುಮಾರು 4.75×7.25 ಇಂಚು. 20×30ರ ಒಂದು ಹಾಳೆಗೆ 32 ಪುಟ.
- ಕ್ರೌನ್ 1/4: ಸುಮಾರು 7.25×9.5 ಇಂಚು. 20×30ರ ಒಂದು ಹಾಳೆಗೆ 16 ಪುಟ.
- ಕ್ರೌನ್ 1/16: ಸುಮಾರು 3.5×4.75 ಇಂಚು. 20×30ರ ಒಂದು ಹಾಳೆಗೆ 64 ಪುಟ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಈ ನಾಲ್ಕರಲ್ಲಿ ಒಂದನ್ನು ಹಿಡಿದರೆ ಹಾಳೆಯಲ್ಲಿ ನೂರಕ್ಕೆ 90ರಷ್ಟು ನಿಮ್ಮ ಪುಸ್ತಿಕೆಯಾಗುತ್ತದೆ, ಉಳಿದಷ್ಟೇ ಚೂರು.

3. ಹೆಸರಿನಲ್ಲಿ ಮಾತಾಡಬೇಡಿ, ಮಿಲಿಮೀಟರಿನಲ್ಲಿ ಮಾತಾಡಿ

ಡಿಟಿಪಿಯವರು ಎ5ರಲ್ಲಿ ಪುಟ ಕಟ್ಟುತ್ತಾರೆ, ಪ್ರೆಸ್ಸಿನವರು ಡೆಮಿ 1/8ಕ್ಕೆ ಕತ್ತರಿಸುತ್ತಾರೆ. ಎರಡೂ ಒಂದೇ ಎಂದು ಇಬ್ಬರೂ ನಂಬಿರುತ್ತಾರೆ. ಎ5 ಅಗಲ 148 ಮಿ.ಮೀ., ಡೆಮಿ 1/8 ಸುಮಾರು 140. ಎತ್ತರದಲ್ಲಿ ಡೆಮಿ 6 ಮಿ.ಮೀ. ಹೆಚ್ಚು, ಅಗಲದಲ್ಲಿ 8 ಮಿ.ಮೀ. ಕಡಿಮೆ. ಆ ಎಂಟು ಮಿಲಿಮೀಟರಿನಲ್ಲಿ ಪುಟದ ಅಂಚಿನ ಉಸಿರೆಲ್ಲ ಹೋಗುತ್ತದೆ, ಕೆಲವೊಮ್ಮೆ ಸಾಲಿನ ಕೊನೆಯ ಅಕ್ಷರವೂ ಹೋಗುತ್ತದೆ. "ಕತ್ತರಿಸಿದ ಮೇಲೆ ಅಗಲ ಇಷ್ಟು, ಎತ್ತರ ಇಷ್ಟು" ಎಂದು ಬರೆದುಕೊಟ್ಟು, ಡಿಟಿಪಿ ಮತ್ತು ಪ್ರೆಸ್ ಎರಡೂ ಕಡೆ ಒಪ್ಪಿಗೆ ಪಡೆಯಿರಿ.

4. ಪುಟ ಚಿಕ್ಕದಾದರೆ ಖರ್ಚು ಚಿಕ್ಕದಾಗುತ್ತದೆಂದು ನಂಬಬೇಡಿ

ಬಹಳ ಜನ ಎಡವುವುದು ಇಲ್ಲೇ. 12 ಪಾಯಿಂಟಿನ ಕನ್ನಡ ಅಕ್ಷರದಲ್ಲಿ ಡೆಮಿ 1/8ರ ಪುಟಕ್ಕೆ ಅಂದಾಜು 210 ಪದ ಹಿಡಿಯುತ್ತದೆ, ಕ್ರೌನ್ 1/8ರ ಪುಟಕ್ಕೆ 150. ಡೆಮಿಯಲ್ಲಿ 64 ಪುಟವಾಗುವ ಬರಹ ಕ್ರೌನ್‌ನಲ್ಲಿ 92 ಪುಟಕ್ಕೆ ಹಿಗ್ಗುತ್ತದೆ. 70 ಜಿಎಸ್‌ಎಂ ಕಾಗದ, 250 ಜಿಎಸ್‌ಎಂ ರಕ್ಷಾಪುಟ (ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಇಷ್ಟು ಗ್ರಾಂ) ಎಂದಿಟ್ಟುಕೊಂಡು ತೂಗಿದರೆ ಎರಡೂ ಸುಮಾರು 82 ಗ್ರಾಂ. ಕಾಗದವೂ ಅಷ್ಟೇ, ಅಂಚೆಯ ತೂಕವೂ ಅಷ್ಟೇ, ಮಡಿಕೆ ಮಾತ್ರ ಹೆಚ್ಚು. ಚಿಕ್ಕ ಪುಟ ಆರಿಸುವುದಾದರೆ ಜೇಬಿಗಾಗಿ ಆರಿಸಿ, ಉಳಿತಾಯಕ್ಕಾಗಿ ಬೇಡ. ದುಡ್ಡು ಉಳಿಯಬೇಕಾದರೆ ಬರಹ ಕಡಿಮೆ ಮಾಡಿ.

5. ನಾಲ್ಕರ ಲೆಕ್ಕ, ಹದಿನಾರರ ಲಾಭ

ನಡುವೆ ಮಡಚಿ ಸೆಂಟರ್ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಮಗ್ಗಿಯಲ್ಲೇ ಇರಬೇಕು. 30 ಪುಟದ ಪುಸ್ತಿಕೆ ಎಂಬುದಿಲ್ಲ. 28 ಅಥವಾ 32. ಇದಕ್ಕೂ ಮೇಲೆ ಪ್ರೆಸ್ಸಿನವರು ಎಣಿಸುವುದು ಫಾರಂ ಲೆಕ್ಕದಲ್ಲಿ: ಡೆಮಿ 1/8ರಲ್ಲಿ 18×23 ಇಂಚಿನ ಅರ್ಧ ಹಾಳೆಯ ಎರಡು ಮೈ ಸೇರಿ 16 ಪುಟ, ಅದು ಒಂದು ಫಾರಂ. 32 ಪುಟದ ಸಾವಿರ ಪ್ರತಿಗೆ 23×36ರ ಸಾವಿರ ಹಾಳೆ, ಅಂದರೆ 500ರ ಎರಡು ರೀಮು. ಜೊತೆಗೆ ಹಾಳಾಗುವ ಹಾಳೆಗೆಂದು ಸ್ವಲ್ಪ ಹೆಚ್ಚು. 36 ಪುಟವಾದರೆ ಆ ನಾಲ್ಕು ಪುಟಕ್ಕಾಗಿ ಮತ್ತೊಂದು ಪ್ಲೇಟು, ಮತ್ತೊಂದು ಓಟ. ಬರಹ 34 ಪುಟಕ್ಕೆ ನಿಂತರೆ ಎರಡು ಪುಟ ಕತ್ತರಿಸುವ ಧೈರ್ಯ ಮಾಡಿ. ಮುನ್ನುಡಿಯ ಮೇಲೊಂದು ಹಿನ್ನುಡಿ, ಅದರ ಮೇಲೊಂದು ಕೃತಜ್ಞತೆ ಇದ್ದಲ್ಲಿ ಕತ್ತರಿಗೆ ಜಾಗ ಸಿಕ್ಕೇ ಸಿಗುತ್ತದೆ.

ಅಂದಹಾಗೆ, ಯುನೆಸ್ಕೊ 1964ರ ತನ್ನ ಶಿಫಾರಸಿನಲ್ಲಿ ರಕ್ಷಾಪುಟ ಬಿಟ್ಟು 5ರಿಂದ 48 ಪುಟದ್ದನ್ನು ಪುಸ್ತಿಕೆ ಎಂದೂ 48 ದಾಟಿದ್ದನ್ನು ಪುಸ್ತಕ ಎಂದೂ ಗೆರೆ ಎಳೆದಿದೆ. ಸೆಂಟರ್ ಪಿನ್ನಿಗೂ 48 ಪುಟ ಹಿತವಾದ ಮಿತಿ. 64 ದಾಟಿದರೆ ಬೆನ್ನು ಉಬ್ಬಿ, ಪುಸ್ತಿಕೆ ಮುಚ್ಚಿಕೊಳ್ಳದೆ ಬಾಯಿ ತೆರೆದೇ ಕೂರುತ್ತದೆ.

6. ಕನ್ನಡದ ಸಾಲಿಗೆ ಅಗಲ ಕೊಡಿ

ಇಂಗ್ಲಿಷಿನ ಮಾದರಿ ಪುಟವನ್ನು ತಂದು ಕನ್ನಡ ತುಂಬಿದರೆ ಕೂರುವುದಿಲ್ಲ. ನಮ್ಮ ಪದಗಳು ಪ್ರತ್ಯಯ ಸೇರುತ್ತಾ ಹೋಗಿ ಉದ್ದವಾಗುತ್ತವೆ. "ಒಣಗಿಸಿಕೊಳ್ಳಬೇಕಾಗುತ್ತದೆ" ಎಂಬುದು ಒಂದೇ ಪದ, ಎ6 ಪುಟದಲ್ಲಿ ಅರ್ಧ ಸಾಲನ್ನೇ ಅದು ನುಂಗುತ್ತದೆ. ಎರಡೂ ಅಂಚು ಸಮ ಮಾಡಿದರೆ ಉಳಿದ ಪದಗಳ ನಡುವೆ ಹೊಳೆ ಹರಿಯುವಷ್ಟು ಜಾಗ ಬೀಳುತ್ತದೆ. ಎ6ರಲ್ಲಿ ಎಡ ಅಂಚು ಮಾತ್ರ ಸಮ ಇಟ್ಟು ಬಲವನ್ನು ಬಿಟ್ಟುಬಿಡಿ. ಎರಡು ಕಾಲಂ ಬೇಕೆಂದರೆ ಕ್ರೌನ್ 1/4ಕ್ಕಿಂತ ಕೆಳಗೆ ಇಳಿಯಬೇಡಿ.

ಎತ್ತರದ ಲೆಕ್ಕವೂ ಬೇರೆ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, "ರಾಷ್ಟ್ರ"ದಂಥ ಕಡೆ ಒತ್ತಿನ ಕೆಳಗೆ ಮತ್ತೊಂದು ಒತ್ತು. 12 ಪಾಯಿಂಟ್ ಅಕ್ಷರಕ್ಕೆ ಕನಿಷ್ಠ 16 ಪಾಯಿಂಟ್ ಸಾಲಂತರ ಕೊಡಿ. ಪುಟ ಉಳಿಸಲೆಂದು 14ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

7. ಪದ್ಯವಾದರೆ ಅತಿ ಉದ್ದದ ಸಾಲೇ ಅಳತೆಗೋಲು

ಸ್ತೋತ್ರ, ಭಜನೆ, ಕವನಗಳಲ್ಲಿ ಸಾಲು ಮುರಿದರೆ ಲಯ ಮುರಿಯುತ್ತದೆ. ಭಾಮಿನಿ ಷಟ್ಪದಿಯ ಮೂರನೇ ಮತ್ತು ಆರನೇ ಸಾಲು 23 ಮಾತ್ರೆ, ಉಳಿದವು 14. ಶಾರ್ದೂಲವಿಕ್ರೀಡಿತದ ಒಂದೊಂದು ಪಾದಕ್ಕೂ 19 ಅಕ್ಷರ. ಸುಮಾರು 90 ಮಿ.ಮೀ. ಅಗಲದ ಕ್ರೌನ್ 1/16ರಲ್ಲಿ ಅಂಚು ಕಳೆದು 70 ಉಳಿಯುತ್ತದೆ. ಹಿರಿಯರ ಕಣ್ಣಿಗಾಗಿ 14 ಪಾಯಿಂಟ್ ಇಟ್ಟರೆ ಹತ್ತೊಂಬತ್ತು ಅಕ್ಷರ ಅಲ್ಲಿ ಕೂರುವುದಿಲ್ಲ. ನಿಮ್ಮ ಸಂಕಲನದ ಅತಿ ಉದ್ದದ ಸಾಲನ್ನು ಬೇಕಾದ ಅಕ್ಷರಗಾತ್ರದಲ್ಲಿ ಅಚ್ಚು ತೆಗೆದು ಸ್ಕೇಲಿಟ್ಟು ಅಳೆಯಿರಿ. ಅದಕ್ಕೆ 25 ಮಿ.ಮೀ. ಸೇರಿಸಿ. ಅದೇ ನಿಮ್ಮ ಪುಟದ ಕನಿಷ್ಠ ಅಗಲ.

8. ಬರೆದುಕೊಳ್ಳುವ ಪುಸ್ತಿಕೆಗೆ ಬೆರಳಿನ ಲೆಕ್ಕ

ಕಾಫಿ ಬೆಳೆಗಾರರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕಕ್ಕೆ ಪಂಚಾಂಗದಷ್ಟೇ ಮರ್ಯಾದೆ. ಹೂಮಳೆ ಯಾವತ್ತು ಬಿತ್ತು, ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಎಂಬುದು ಮುಂದಿನ ಫಸಲಿನ ಮಾತು. ತಿಂಗಳಿಗೊಂದು ಪುಟವಾದರೆ 31 ದಿನ, ಒಂದು ತಲೆಬರಹ, ಒಂದು ಮೊತ್ತ, ಒಟ್ಟು 33 ಸಾಲು. ಕೈಬರಹಕ್ಕೆ ಸಾಲೊಂದಕ್ಕೆ ಕನಿಷ್ಠ 5.5 ಮಿ.ಮೀ. ಎತ್ತರ ಬೇಕು. ಅಲ್ಲಿಗೆ ಸುಮಾರು 182 ಮಿ.ಮೀ. ಎ5 ಅಥವಾ ಡೆಮಿ 1/8ರಲ್ಲಿ ಇದು ಸಲೀಸು. ಕ್ರೌನ್ 1/8ರ ಪುಟದ ಎತ್ತರವೇ 184, ಅಂಚಿಗೆ ಜಾಗವಿಲ್ಲ. ಎ6 ಕೇಳಲೇಬೇಡಿ.

ಚೆಕ್‌ರೋಲಿನಲ್ಲಿ ದಿನಗಳು ಅಡ್ಡಕ್ಕೆ ಹೋಗುತ್ತವೆ. 31 ಕಾಲಂಗೆ ತಲಾ 6 ಮಿ.ಮೀ. ಎಂದರೆ 186, ಹೆಸರಿಗೆ 50, ಮೊತ್ತಕ್ಕೆ 20. ಇದು ಒಂದು ಎ5 ಪುಟಕ್ಕೆ ಹಿಡಿಯದು. ಎಡಪುಟಕ್ಕೆ ಹೆಸರು ಮತ್ತು 15 ದಿನ, ಬಲಪುಟಕ್ಕೆ 16 ದಿನ ಮತ್ತು ಮೊತ್ತ ಎಂದು ಹರಡಿದರೆ ನೆಟ್ಟಗೆ ನಿಂತ ಎ5 ಸಾಕು. ಒಳಗಿನ ಕಾಗದ ಮಿರುಗುವ ಆರ್ಟ್ ಪೇಪರ್ ಆಗದಿರಲಿ. ಅದರ ಮೇಲೆ ಪೆನ್ನು ಜಾರುತ್ತದೆ, ಶಾಯಿ ಒಣಗುವುದಿಲ್ಲ. ಮ್ಯಾಪ್‌ಲಿಥೊ ಎಂಬ ಮಿರುಗಿಲ್ಲದ ಕಾಗದ ಸಾಕು, ಅದೇ ಸರಿ.

9. ಚಿತ್ರ ನಿಜಗಾತ್ರದಲ್ಲಿ ಬೇಕೇ ಎಂದು ಕೇಳಿಕೊಳ್ಳಿ

ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ದೆಸೆಯಿಂದ ಎಲೆತುಕ್ಕು, ಬಿಳಿ ಕಾಂಡಕೊರಕ, ಕಾಯಿಕೊರಕಗಳ ಹೆಸರು ನಮ್ಮ ಬೆಳೆಗಾರರಿಗೆ ಬಾಯಿಪಾಠ. ರೋಗ ಗುರುತಿಸುವ ಕೈಪಿಡಿ ಮಾಡುವವರು ಚಿತ್ರವನ್ನು ಎಲೆಯ ಪಕ್ಕ ಹಿಡಿದು ನೋಡುವಂತೆ ಮಾಡಬೇಕು. ಅರೇಬಿಕಾ ಎಲೆ ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಉದ್ದ. ಎ6 ಪುಟದಲ್ಲಿ ಎಲೆ ಹಾಕಿದರೆ ವಿವರಣೆಗೆ ಜಾಗವಿಲ್ಲ. ಎ5ರಲ್ಲಿ ಎರಡೂ ಕೂರುತ್ತವೆ. ಒಂದೂವರೆ ಮಿಲಿಮೀಟರಿನ ಕಾಯಿಕೊರಕವನ್ನು ಮಾತ್ರ ಹಿಗ್ಗಿಸಲೇಬೇಕು, ಎಷ್ಟು ಪಟ್ಟು ಎಂದು ಪಕ್ಕದಲ್ಲೇ ನಮೂದಿಸಿ.

10. ನಕ್ಷೆಗೆ ನಟ್ಟನಡುವಿನ ಎರಡು ಪುಟ

ಸೆಂಟರ್ ಪಿನ್ ಪುಸ್ತಿಕೆಯಲ್ಲಿ ಎಡ-ಬಲ ಪುಟಗಳು ಒಂದೇ ಅಖಂಡ ಕಾಗದವಾಗಿರುವುದು ನಡುವಿನಲ್ಲಿ ಮಾತ್ರ. ಮಿಕ್ಕ ಎಲ್ಲ ಕಡೆ ಎರಡು ಬೇರೆ ಬೇರೆ ಹಾಳೆಗಳು ಅಕ್ಕಪಕ್ಕ ಕೂತಿರುತ್ತವೆ, ಗೆರೆಗೆ ಗೆರೆ ಸೇರುವ ಭರವಸೆಯಿಲ್ಲ. ಮೂಡಿಗೆರೆ–ಕೊಟ್ಟಿಗೆಹಾರ–ಕಳಸ–ಹೊರನಾಡು ರಸ್ತೆಯ ನಕ್ಷೆ 32 ಪುಟದ ಪುಸ್ತಿಕೆಯಲ್ಲಿದ್ದರೆ ಅದು 16 ಮತ್ತು 17ನೇ ಪುಟದಲ್ಲಿರಲಿ. ಎ6 ಆದರೂ ಅಲ್ಲಿ ಎ5ರಷ್ಟು ಜಾಗ ಸಿಗುತ್ತದೆ. ಪಿನ್ ಕೂರುವ ಜಾಗದಲ್ಲಿ ಊರಿನ ಹೆಸರು ಬಾರದಂತೆ ನೋಡಿಕೊಳ್ಳಿ.

11. ಚೌಕದ ಮೋಹಕ್ಕೆ ಬೆಲೆ ಕಟ್ಟಿ

ಹೋಂಸ್ಟೇ ಮತ್ತು ಕಾಫಿಪುಡಿ ಬ್ರ್ಯಾಂಡಿನವರಿಗೆ ಚೌಕದ ಪುಸ್ತಿಕೆಯೆಂದರೆ ಈಗ ಪ್ರೀತಿ. ಚಂದವೂ ಹೌದು. 7 ಇಂಚಿನ ಚೌಕ 20×30ರ ಹಾಳೆಯಲ್ಲಿ ಎಂಟು ಎಲೆಯಷ್ಟೇ ಕೂರುತ್ತದೆ, ನೂರಕ್ಕೆ 35ರಷ್ಟು ಕಾಗದ ಕತ್ತರಿಯ ಪಾಲು. ಅದನ್ನೇ 5.5 ಇಂಚಿಗೆ ಇಳಿಸಿ 23×36ರಲ್ಲಿ ಜೋಡಿಸಿದರೆ 24 ಎಲೆ, ಅಂದರೆ 48 ಪುಟ ಬರುತ್ತದೆ. ನಷ್ಟ 12ರ ಆಸುಪಾಸು. ಚೌಕ ಬೇಕೇ ಬೇಕೆಂದರೆ ಐದೂವರೆಗೆ ಒಪ್ಪಿಕೊಳ್ಳಿ.

12. ಪ್ರತಿ ಎಷ್ಟು ಎಂಬುದೂ ಅಳತೆಯನ್ನು ಬದಲಿಸುತ್ತದೆ

ನೂರು, ಇನ್ನೂರು ಪ್ರತಿಗೆ ಆಫ್‌ಸೆಟ್ ಪ್ಲೇಟ್ ಮಾಡಿಸುವುದು ದಂಡ. ಡಿಜಿಟಲ್ ಪ್ರಿಂಟ್ ಮಾಡಿಸಿ. ಅಲ್ಲಿನ ಹಾಳೆ ಬೇರೆ: ಸಾಮಾನ್ಯವಾಗಿ 12×18 ಅಥವಾ 13×19 ಇಂಚು. 13×19ರ ಒಂದು ಮೈಗೆ ಎ5 ಆದರೂ ಡೆಮಿ 1/8 ಆದರೂ ನಾಲ್ಕು ಪುಟ, ಎ6 ಆದರೆ ಎಂಟು. ಕ್ರೌನ್ 1/4 ಎರಡೇ ಪುಟ, ಹೆಚ್ಚುಕಡಿಮೆ ಅರ್ಧ ಹಾಳೆ ವ್ಯರ್ಥ. ಆಫ್‌ಸೆಟ್‌ನಲ್ಲಿ ಅಗ್ಗವಾದ ಅಳತೆ ಡಿಜಿಟಲ್‌ನಲ್ಲಿ ದುಬಾರಿಯಾಗುವುದು ಹೀಗೆ. ಶಾಲೆಯ ಮಕ್ಕಳ ಪತ್ರಿಕೆಗೆ ಆಫೀಸಿನ ಎ4 ಪ್ರಿಂಟರೇ ಗತಿಯಾದರೆ ನೆಟ್ಟಗಿನ ಎ5 ಒಂದೇ ದಾರಿ: ಎ4ನ್ನು ನಡುವೆ ಮಡಚಿದರೆ ಆಯಿತು. ಅಂಥಲ್ಲಿ ಅಂಚಿನವರೆಗೆ ಬಣ್ಣ ಹಚ್ಚುವ ವಿನ್ಯಾಸ ಬೇಡ, ಪ್ರಿಂಟರ್ ಅಂಚನ್ನು ಬಿಳಿಯಾಗಿಯೇ ಬಿಡುತ್ತದೆ.

ಪ್ರೆಸ್ಸಿಗೆ ಕೊಡುವಾಗ ಚಿತ್ರ, ಬಣ್ಣಗಳು ಕತ್ತರಿಸುವ ಗೆರೆಯಾಚೆ 3 ಮಿ.ಮೀ. ಚಾಚಿರಲಿ. ಪುಟಸಂಖ್ಯೆ ಅಂಚಿನಿಂದ 8 ಮಿ.ಮೀ. ಆದರೂ ಒಳಗಿರಲಿ. 64 ಪುಟದ ಪುಸ್ತಿಕೆಯಲ್ಲಿ ಹದಿನಾರು ಮಡಿಕೆ ಒಂದರೊಳಗೊಂದು ಕೂತಾಗ ಒಳಗಿನದು ಸುಮಾರು ಒಂದೂವರೆ ಮಿಲಿಮೀಟರ್ ಹೊರಚಾಚುತ್ತದೆ. ಕಟಿಂಗ್ ಬ್ಲೇಡ್ ಅಲ್ಲಿಂದಲೇ ತೆಗೆಯುತ್ತದೆ.

13. ಮಳೆಗಾಲವನ್ನು ಅಂದಾಜಿಗೆ ಸೇರಿಸಿ

ಬೆಂಗಳೂರಿನ ಮಾದರಿ ಪುಸ್ತಿಕೆ ಕಳಸದಲ್ಲಿ ಜುಲೈ ದಾಟಬೇಕು. ಥಂಡಿ ಗಾಳಿಗೆ ಕಾಗದ ತೇವ ಹೀರಿ ಹಿಗ್ಗುತ್ತದೆ. ರಕ್ಷಾಪುಟದ ಹೊರಮೈಗೆ ಮಾತ್ರ ಲ್ಯಾಮಿನೇಷನ್ ಮಾಡಿಸಿದರೆ ಒಳಮೈ ಹಿಗ್ಗಿ ಪುಸ್ತಿಕೆ ಹೊರಕ್ಕೆ ಸುರುಳಿಯಾಗುತ್ತದೆ. ಪುಟ ದೊಡ್ಡದಾದಷ್ಟೂ ಸುರುಳಿ ಜಾಸ್ತಿ, ಕ್ರೌನ್ 1/4ರಲ್ಲಿ ಎದ್ದು ಕಾಣುವುದು ಎ6ರಲ್ಲಿ ಗೊತ್ತೇ ಆಗುವುದಿಲ್ಲ. ತೋಟದಲ್ಲಿ ಓಡಾಡುವ ಪುಸ್ತಿಕೆಯನ್ನು ಚಿಕ್ಕದಾಗಿಡಿ, ರಕ್ಷಾಪುಟಕ್ಕೆ ಎರಡೂ ಮೈ ಲ್ಯಾಮಿನೇಷನ್ ಕೇಳಿ, ತುಕ್ಕು ಹಿಡಿಯದ ಪಿನ್ ಕೇಳಿ. ಕಾಗದದ ನಾರು ಬೆನ್ನಿನ ಉದ್ದಕ್ಕೇ ಓಡುವಂತೆ ಹಾಳೆ ಕತ್ತರಿಸಲು ಹೇಳಿ; ನಾರಿಗೆ ಅಡ್ಡ ಮಡಚಿದರೆ ಮಡಿಕೆ ಬಿರುಕು ಬಿಡುತ್ತದೆ, ತೇವಕ್ಕೆ ಪುಟ ಅಲೆಅಲೆಯಾಗುತ್ತದೆ.

ಸಾಧ್ಯವಾದರೆ ಮೇ ಒಳಗೆ ಅಚ್ಚು ಮುಗಿಸಿ. ಮಳೆಯಲ್ಲಿ ಶಾಯಿ ಒಣಗುವುದು ನಿಧಾನ, ಮಂಗಳೂರಿನ ಪ್ರೆಸ್ಸಿಗೆ ಕೊಟ್ಟಿದ್ದರೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ಬಂಡಲು ಆ ಕಡೆಯೇ ಉಳಿಯುತ್ತದೆ.

14. ಸರಣಿಗೆ ಒಂದೇ ಅಳತೆ, ಯಾವುದಕ್ಕೂ ಮೊದಲು ಒಂದು ಡಮ್ಮಿ

ಮೂಡಿಗೆರೆಯ ತೋಟದ ಮನೆ 'ನಿರುತ್ತರ'ದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿ ಮಿಲೇನಿಯಂ ಸರಣಿ ತಂದರು. ಮಹಾಯುದ್ಧ, ಪೆಸಿಫಿಕ್ ದ್ವೀಪಗಳು, ಅಕ್ಕಪಕ್ಕದ ಪ್ರಾಣಿಪಕ್ಷಿಗಳು ಹೀಗೆ ವಿಷಯಗಳು ಎತ್ತೆತ್ತಲೋ ಹೋದರೂ ಒಂದನ್ನು ಓದಿದವರು ಇನ್ನೊಂದನ್ನು ಹುಡುಕಿಕೊಂಡು ಹೋದರು. ಸರಣಿಯ ಬಲ ಇರುವುದು ಹೀಗೆ ಒಂದು ಇನ್ನೊಂದನ್ನು ಕರೆಯುವುದರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ತೆಳ್ಳನೆಯ ಪುಸ್ತಿಕೆಗಳೂ ಹೀಗೆಯೇ ಮನೆಮನೆಗೆ ಹೋದವು. ವರ್ಷಕ್ಕೊಂದು ಪುಸ್ತಿಕೆ ತರುವ ಸಂಘದವರು ಮೊದಲ ವರ್ಷವೇ ಅಳತೆ ನಿಶ್ಚಯಿಸಿ ಅದಕ್ಕೆ ಅಂಟಿಕೊಳ್ಳಿ. ಐದು ವರ್ಷದ ಐದು ಪುಸ್ತಿಕೆ ಐದು ಗಾತ್ರದಲ್ಲಿದ್ದರೆ ಯಾವ ಕಪಾಟೂ ಅವನ್ನು ಒಟ್ಟಿಗೆ ಇಟ್ಟುಕೊಳ್ಳುವುದಿಲ್ಲ. ಅಂಚೆಯಲ್ಲಿ ಕಳಿಸುವುದಿದ್ದರೆ ಲಕೋಟೆಯ ಅಳತೆಯನ್ನೂ ಆಗಲೇ ನೋಡಿ: ಎ5 ಮತ್ತು ಡೆಮಿ 1/8 ಎರಡೂ 162×229 ಮಿ.ಮೀ.ನ ಸಿ5 ಲಕೋಟೆಗೆ ಹೋಗುತ್ತವೆ, ಎ6 ಪುಸ್ತಿಕೆ 114×162ರ ಸಿ6ಗೆ.

ಕೊನೆಗೆ, ಒಂದು ಅಕ್ಷರವೂ ಅಚ್ಚಾಗದ ಡಮ್ಮಿ ಮಾಡಿ. ನೀವು ಬಳಸಲಿರುವ ಕಾಗದವನ್ನೇ ಪ್ರೆಸ್ಸಿನಿಂದ ಕೇಳಿ ತನ್ನಿ. ಅಷ್ಟೇ ಪುಟ, ಅಷ್ಟೇ ಅಳತೆಗೆ ಮಡಚಿ, ಪಿನ್ ಹೊಡೆದು, ಕತ್ತರಿಸಿ. ಜೇಬಿಗೆ ಹಾಕಿ ನೋಡಿ, ಒಂದೇ ಕೈಯಲ್ಲಿ ತೆರೆದು ನೋಡಿ, ಮನೆಯ ಹಿರಿಯರ ಕೈಗೆ ಕೊಟ್ಟು ನೋಡಿ. ಅದರ ಮೇಲೆ ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು, ನಕ್ಷೆ ಎಲ್ಲಿ, ಚಿತ್ರ ಎಲ್ಲಿ ಎಂದು ಗುರುತು ಹಾಕಿ. ಆ ಡಮ್ಮಿಯನ್ನೇ ಡಿಟಿಪಿಯವರಿಗೂ ಪ್ರೆಸ್ಸಿನವರಿಗೂ ತೋರಿಸಿ, ಮೂವರೂ ಒಂದೇ ವಸ್ತುವನ್ನು ನೋಡಿ ಮಾತಾಡುವಂತಾಗುತ್ತದೆ.

ಕನ್ನಡ ಪುಸ್ತಕಗಳ ಒಳಪುಟದಲ್ಲಿ "ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೊ, ಪ್ರತಿಗಳು 1000" ಎಂದು ನಮೂದಿಸುವ ಒಳ್ಳೆಯ ರೂಢಿಯಿದೆ. ನಿಮ್ಮ ಪುಸ್ತಿಕೆ ಹದಿನಾರೇ ಪುಟದ್ದಾಗಿರಲಿ, ಆ ಸಾಲನ್ನು ಬಿಡಬೇಡಿ, ಜೊತೆಗೆ ಮಿಲಿಮೀಟರನ್ನೂ ಸೇರಿಸಿ. ಎರಡನೇ ಮುದ್ರಣ ಮಾಡಿಸುವವರಿಗೆ ಅದು ನೆರವಾಗುತ್ತದೆ.